ಒಂಬತ್ತನೇ ನಂಬರಿನ ಅಂಗಿ

2025ರ ಅಕ್ಟೋಬರ್ 14ರಂದು ಮಡಗಾಂವಿನಲ್ಲಿ ಭಾರತದ ಫುಟ್‌ಬಾಲ್ ತಂಡ ಸಿಂಗಪುರದ ಎದುರು 1–2 ಗೋಲುಗಳಿಂದ ಸೋತು, 2027ರ ಏಷ್ಯನ್ ಕಪ್ ಪ್ರವೇಶಿಸುವ ಅವಕಾಶವನ್ನು ಕಳೆದುಕೊಂಡಿತು. ಆ ರಾತ್ರಿ ನನ್ನ ಅಣ್ಣನ ಮಗ ದೂರವಾಣಿ ಮಾಡಿದ. ಕ್ಷೇಮಸಮಾಚಾರವನ್ನೂ ಕೇಳದೆ ಅವನು ಆಡಿದ ಮೊದಲ ಮಾತು ಇದು: "ಚಿಕ್ಕಪ್ಪ, ನೂರನಲವತ್ತು ಕೋಟಿ ಜನ ಇದ್ದೀವಿ. ನಲವತ್ತೊಂದು ವರ್ಷದ ಛೆಟ್ರಿ ಜಾಗಕ್ಕೆ ಒಬ್ಬ ಹುಡುಗ ಸಿಗಲಿಲ್ವಾ?"

ಆಗ ನಾನು ಅವನಿಗೆ ಏನೋ ಒಂದು ಉತ್ತರ ಹೇಳಿದೆ. ಮೇಷ್ಟ್ರಾಗಿದ್ದವರಿಗೆ ಉತ್ತರ ಗೊತ್ತಿಲ್ಲದಿದ್ದಾಗಲೂ ಏನಾದರೊಂದು ಹೇಳುವ ಅಭ್ಯಾಸವಿರುತ್ತದೆ. ಆದರೆ ಹೇಳಿದ್ದು ನನಗೇ ಒಪ್ಪಿಗೆಯಾಗಲಿಲ್ಲ. ಹಳಬನ ಜಾಗಕ್ಕೆ ಹೊಸಬನನ್ನು ತರಬಹುದೇ ಎಂಬ ಪ್ರಶ್ನೆಗೆ ನಾಲ್ಕು ದಶಕಗಳ ಹಿಂದೆ ನಾನೊಮ್ಮೆ ಬಹಳ ಆತ್ಮವಿಶ್ವಾಸದಿಂದ ಉತ್ತರ ಬರೆದಿದ್ದೆ. ಸೂಚನಾ ಫಲಕದ ಮೇಲೆ, ನನ್ನದೇ ದುಂಡು ಅಕ್ಷರಗಳಲ್ಲಿ. ಆ ಕಥೆಯನ್ನು ಇಲ್ಲಿಯವರೆಗೆ ಬರೆಯದೆ ಉಳಿಸಿಕೊಂಡಿದ್ದೆ.

1980ರ ದಶಕದ ಮೊದಲ ವರ್ಷಗಳಲ್ಲಿ ನಾನು ಬೆಂಗಳೂರಿನ ಹಲಸೂರಿನ ಆಸುಪಾಸಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಗೌತಮಪುರ, ಮರ್ಫಿ ಟೌನ್ ಕಡೆಯ ಹುಡುಗರು ನಮ್ಮಲ್ಲಿ ಹೆಚ್ಚು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ತರಗತಿಯಲ್ಲಿ ನನ್ನ ಒತ್ತಾಯಕ್ಕೆ ಕನ್ನಡ, ಮೈದಾನದಲ್ಲಿ ಮಾತ್ರ ಫುಟ್‌ಬಾಲ್ ಎಂಬ ಒಂದೇ ಭಾಷೆ. ಇಂದಿಗೂ ಗೌತಮಪುರಕ್ಕೆ ಹೋದವರು ಅಲ್ಲಿ ಪೆಲೆಯ ಪ್ರತಿಮೆಯನ್ನು ನೋಡಬಹುದು. ಬ್ರೆಜಿಲಿನ ಆಟಗಾರನೊಬ್ಬ ಹಲಸೂರಿನ ಓಣಿಯಲ್ಲಿ ನಿಂತಿರುವುದು ಆ ಜನಕ್ಕೆ ವಿಚಿತ್ರವಾಗಿ ಕಾಣುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ರಾಮನ್ ಬೆಂಗಳೂರಿನವರೇ ಎಂಬುದನ್ನು ನನಗೆ ಮೊದಲು ತಿಳಿಸಿದವನು ಎಂಟನೇ ತರಗತಿಯ ಹುಡುಗನೊಬ್ಬ.

ನಮ್ಮ ಪಿ.ಟಿ. ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಆ ಹುದ್ದೆ ಎರಡು ವರ್ಷ ಖಾಲಿ ಉಳಿಯಿತು. ಮುಖ್ಯೋಪಾಧ್ಯಾಯರು ಒಂದು ಬೆಳಿಗ್ಗೆ ನನ್ನನ್ನು ಕರೆದು, "ನೀವು ಎತ್ತರವಾಗಿದ್ದೀರಿ, ಫುಟ್‌ಬಾಲ್ ತಂಡವನ್ನು ನೋಡಿಕೊಳ್ಳಿ" ಎಂದರು. ನನ್ನ ಅರ್ಹತೆ ಅಷ್ಟೆ. ಶಿಥಿಲದ್ವಿತ್ವವನ್ನು ಹುಡುಗರಿಗೆ ಅರ್ಥಮಾಡಿಸುವುದಕ್ಕಿಂತ ಆಫ್‌ಸೈಡನ್ನು ನಾನು ಅರ್ಥಮಾಡಿಕೊಳ್ಳುವುದು ಕಷ್ಟವಾಯಿತು. ಕಲಿಸಿದವರು ಹುಡುಗರೇ. ಅವರಲ್ಲಿ ಮುಖ್ಯನಾದವನನ್ನು ಇಲ್ಲಿ ದೊಡ್ಡವನು ಎಂದು ಕರೆಯುತ್ತೇನೆ. ಹೆಸರು ಬರೆಯುವುದಿಲ್ಲ, ಅವನ ಸಹಪಾಠಿಗಳಲ್ಲಿ ಕೆಲವರು ಇದನ್ನು ಓದುತ್ತಾರೆ, ಅವರಿಗೆ ಹೆಸರು ಬೇಕಾಗಿಯೂ ಇಲ್ಲ.

ದೊಡ್ಡವನು ಒಂದು ಸಲ ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ ಮತ್ತೆ ಅದೇ ಬೆಂಚಿನಲ್ಲಿ ಕುಳಿತಿದ್ದ. ಮೂರು ವರ್ಷಗಳಿಂದ ತಂಡದ ನಾಯಕ, ಸೆಂಟರ್ ಫಾರ್ವರ್ಡ್. ನಿಜ ಹೇಳಬೇಕೆಂದರೆ ಅವನು ವೇಗವಾಗಿ ಓಡುತ್ತಿರಲಿಲ್ಲ. ಮೊದಮೊದಲು ನನಗೆ ಅವನು ಸೋಮಾರಿಯಂತೆ ಕಾಣುತ್ತಿದ್ದ; ಗೋಲಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದ. ಚೆಂಡು ಮಾತ್ರ ಹೇಗೋ ಅವನು ನಿಂತಲ್ಲಿಗೇ ಬಂದು ಬೀಳುತ್ತಿತ್ತು. ಅವನು ಆಡದೆ ಮಾಡುತ್ತಿದ್ದ ಕೆಲಸಗಳು ಇನ್ನೂ ಇದ್ದವು. ಗೆರೆ ಹಾಕಲು ಸುಣ್ಣದ ಪುಡಿ ತರುವವನು ಅವನು. ಪಂದ್ಯದ ದಿನ ಬೆಳಗಿನ ಜಾವ ಗೋಲ್ ಕೀಪರನ ಮನೆಯ ಬಾಗಿಲು ತಟ್ಟಿ ಎಬ್ಬಿಸುವವನು ಅವನು. ಇವೆಲ್ಲ ತಾವಾಗಿಯೇ ನಡೆಯುತ್ತಿವೆ ಎಂದು ನಾನು ತಿಳಿದುಕೊಂಡಿದ್ದೆ.

ಆ ವರ್ಷ ಕೋಲಾರ ಚಿನ್ನದ ಗಣಿಯ ಕಡೆಯಿಂದ ಎಂಟನೇ ತರಗತಿಗೆ ಒಬ್ಬ ಹುಡುಗ ಬಂದು ಸೇರಿದ. ಇವನು ಸಣ್ಣವನು. ಕಡ್ಡಿಯಂಥ ಕಾಲು, ಬರಿಗಾಲು. ಬೂಟು ಕೊಟ್ಟವನು ದೊಡ್ಡವನೇ. ತನ್ನ ಹಳೆಯ ಬೂಟಿನ ತುದಿಗೆ ದಿನಪತ್ರಿಕೆಯ ಹಾಳೆ ತುರುಕಿ ಅಳತೆ ಸರಿಮಾಡಿಕೊಟ್ಟಿದ್ದ. ಆ ಹುಡುಗ ಚೆಂಡು ಹಿಡಿದು ಓಡಿದನೆಂದರೆ ಉಳಿದವರೆಲ್ಲ ನಿಂತು ನೋಡಬೇಕು. ನನಗಂತೂ ಕಣ್ಣು ಕೋರೈಸಿತು. ಆಟದ ಬಗ್ಗೆ ಅಲ್ಪಸ್ವಲ್ಪ ತಿಳಿದವನಿಗೆ ಓಟದಷ್ಟು ಬೇಗ ಅರ್ಥವಾಗುವುದು ಬೇರೆ ಯಾವುದೂ ಇಲ್ಲ.

ಅಂತರಶಾಲಾ ಪಂದ್ಯಾವಳಿಯಲ್ಲಿ ನಾವು ಫೈನಲ್ ತಲುಪಿದೆವು. ಹಿಂದಿನ ಎರಡು ಪಂದ್ಯಗಳಲ್ಲಿ ದೊಡ್ಡವನು ಗೋಲು ಹೊಡೆದಿರಲಿಲ್ಲ. ಶುಕ್ರವಾರ ಸಂಜೆ ಹನ್ನೊಂದು ಜನರ ಪಟ್ಟಿ ಬರೆದು ಸೂಚನಾ ಫಲಕಕ್ಕೆ ಅಂಟಿಸಿ, ಬಸ್ಸು ಹಿಡಿದು ಮನೆಗೆ ಹೋದೆ. ದೊಡ್ಡವನ ಜಾಗದಲ್ಲಿ ಸಣ್ಣವನ ಹೆಸರಿತ್ತು. ಶಾಲೆಯಲ್ಲಿದ್ದದ್ದು ಹನ್ನೊಂದೇ ಬಣ್ಣದ ಅಂಗಿಗಳು. ಬದಲಿ ಆಟಗಾರರು ಬಿಳಿ ಅಂಗಿಯಲ್ಲಿ ಕೂರಬೇಕು. ಮರುದಿನ ಬೆಳಿಗ್ಗೆ ದೊಡ್ಡವನು ಒಂಬತ್ತನೇ ನಂಬರಿನ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿಸಿ, ಮಡಿಸಿಕೊಂಡು ಸ್ಟಾಫ್ ರೂಮಿಗೆ ಬಂದ. "ಸಾರ್, ಅಂಗಿ" ಎಂದ. ನಾನು ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆಯೆತ್ತದೆ "ಅಲ್ಲಿಡು" ಎಂದೆ.

ಪಂದ್ಯವನ್ನು ನಾವು 2–0 ಗೋಲುಗಳಿಂದ ಗೆದ್ದೆವು. ಸಣ್ಣವನು, ಮೊಣಕಾಲಿನವರೆಗೆ ಇಳಿಬಿದ್ದ ಆ ಅಂಗಿಯನ್ನು ಚಡ್ಡಿಯೊಳಗೆ ತುರುಕಿಕೊಂಡು, ಒಂದು ಗೋಲು ತಾನೇ ಹೊಡೆದ, ಇನ್ನೊಂದನ್ನು ಹೊಡೆಸಿದ. ನನ್ನ ನಿರ್ಧಾರ ಸರಿಯಿತ್ತು. ಇದನ್ನು ಇಷ್ಟು ಸ್ಪಷ್ಟವಾಗಿ ಬರೆಯುವ ಕಾರಣವೆಂದರೆ, ಇಂಥ ಕಥೆಗಳಲ್ಲಿ ಹಳಬನನ್ನು ಕೈಬಿಟ್ಟವನು ಸೋಲುವುದು ವಾಡಿಕೆ. ನಾನು ಸೋಲಲಿಲ್ಲ. ಎರಡನೇ ಗೋಲು ಬಿದ್ದಾಗ ಇನ್ನೂ ಕಾಲು ಗಂಟೆ ಆಟ ಉಳಿದಿತ್ತು. ಇಬ್ಬರು ಬದಲಿ ಆಟಗಾರರನ್ನು ಇಳಿಸುವ ಅವಕಾಶವೂ ಇತ್ತು. ಗೆರೆಯ ಆಚೆ ಬಿಳಿ ಅಂಗಿಯಲ್ಲಿ ಕುಳಿತಿದ್ದ ದೊಡ್ಡವನು ಎರಡು ಸಲ ಬೂಟಿನ ಲೇಸು ಬಿಚ್ಚಿ ಕಟ್ಟಿಕೊಂಡದ್ದನ್ನು ನಾನು ನೋಡಿದೆ. ನೋಡಿ, ಮತ್ತೆ ಆಟದ ಕಡೆ ತಿರುಗಿದೆ.

ಸೋಮವಾರ ಅವನು ಶಾಲೆಗೆ ಬರಲಿಲ್ಲ. ಪರೀಕ್ಷೆಗೂ ಕೂರಲಿಲ್ಲ. ಶಿವಾಜಿನಗರದ ಗ್ಯಾರೇಜೊಂದರಲ್ಲಿ ಕೆಲಸಕ್ಕೆ ಸೇರಿದನೆಂದು ಆಮೇಲೆ ತಿಳಿಯಿತು. ಫೈನಲಿನ ಕಾರಣಕ್ಕೇ ಅವನು ಶಾಲೆ ಬಿಟ್ಟನೆಂದು ನಾನು ಹೇಳಲಾರೆ. ಆ ಮನೆಯ ಕಷ್ಟಗಳು ಬೇರೆ ಇದ್ದವು. ಅದಲ್ಲವೆಂದೂ ಹೇಳಲಾರೆ. ಮುಂದಿನ ವರ್ಷ ಸಣ್ಣವನು ಹಾಗೆಯೇ ಓಡಿದ, ಇನ್ನೂ ವೇಗವಾಗಿಯೇ ಓಡಿದ. ಆದರೆ ಮೈದಾನದ ಯಾವ ಮೂಲೆಗೆ ಓಡಬೇಕೆಂದು ಅವನಿಗೆ ಕೂಗಿ ಹೇಳುವವರಿರಲಿಲ್ಲ. ನಾವು ಮೊದಲ ಸುತ್ತಿನಲ್ಲೇ ಹೊರಬಿದ್ದೆವು. ಆ ಬೆಳಿಗ್ಗೆ ಗೋಲ್ ಕೀಪರ್ ಅರ್ಧ ಗಂಟೆ ತಡವಾಗಿ ಬಂದಿದ್ದ.

ಈಗ ಅಣ್ಣನ ಮಗನ ಪ್ರಶ್ನೆಗೆ ಬರುತ್ತೇನೆ. ಸುನಿಲ್ ಛೆಟ್ರಿಯವರೂ ಒಂದು ಕಾಲಕ್ಕೆ ಸಣ್ಣವರೇ ಆಗಿದ್ದರು. 2005ರ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಬಾರಿ ಭಾರತಕ್ಕೆ ಆಡಿದಾಗ ಅವರಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಆ ಪಂದ್ಯದಲ್ಲೇ ಗೋಲು ಹೊಡೆದರು. ಆಗ ತಂಡದ ದೊಡ್ಡವನು ಸಿಕ್ಕಿಮಿನ ಬೈಚುಂಗ್ ಭುಟಿಯಾ. 'ಭುಟಿಯಾ ನಂತರ ಯಾರು' ಎಂಬುದು ಅಂದಿನ ಪತ್ರಿಕೆಗಳ ಕ್ರೀಡಾಪುಟದ ನಿತ್ಯದ ಪ್ರಶ್ನೆ. ಭುಟಿಯಾ 2011ರ ಆಗಸ್ಟ್‌ನಲ್ಲಿ ನಿವೃತ್ತರಾಗುವವರೆಗೆ, ಅಂದರೆ ಆರು ವರ್ಷ, ಇಬ್ಬರೂ ಒಂದೇ ತಂಡದಲ್ಲಿದ್ದರು. 2008ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ನಡೆದ ಎಎಫ್‌ಸಿ ಚಾಲೆಂಜ್ ಕಪ್ ಫೈನಲಿನಲ್ಲಿ ಭಾರತ ತಜಿಕಿಸ್ತಾನವನ್ನು 4–1ರಿಂದ ಸೋಲಿಸಿತು: ಛೆಟ್ರಿ ಮೂರು ಗೋಲು, ಭುಟಿಯಾ ಒಂದು. ಆ ಗೆಲುವಿನಿಂದ ದೊರೆತ 2011ರ ಏಷ್ಯನ್ ಕಪ್‌ನಲ್ಲಿ, ದೋಹಾದಲ್ಲಿ, ಗಾಯಗೊಂಡಿದ್ದ ಭುಟಿಯಾ ಕೊನೆಯ ಪಂದ್ಯದ ಕೆಲವು ನಿಮಿಷಗಳನ್ನಷ್ಟೇ ಆಡಿದರು. ಛೆಟ್ರಿ ಎರಡು ಗೋಲು ಹೊಡೆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಭುಟಿಯಾ ಇಲ್ಲದ ತಂಡದಲ್ಲಿ, ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಏಳು ಗೋಲು ಹೊಡೆದು ಕಪ್ ಗೆಲ್ಲಿಸಿದರು. ಅಂಗಿ ಕೈಬದಲಾದ ದಿನ ಯಾವುದೆಂದು ಕೇಳಿದರೆ ಹೇಳುವುದು ಕಷ್ಟ. ಆರು ವರ್ಷಗಳಲ್ಲಿ ಅದು ಸ್ವಲ್ಪ ಸ್ವಲ್ಪವಾಗಿ ಬದಲಾಗಿತ್ತು.

ಛೆಟ್ರಿಯವರ ಪಕ್ಕದಲ್ಲಿ ಹಾಗೆ ಆರು ವರ್ಷ ನಿಂತವರು ಯಾರು? ಇಂಡಿಯನ್ ಸೂಪರ್ ಲೀಗ್‌ನಲ್ಲಿ ಒಂದು ತಂಡ ಒಮ್ಮೆಗೆ ನಾಲ್ವರು ವಿದೇಶಿಯರನ್ನು ಕಣಕ್ಕಿಳಿಸಬಹುದೆಂದು 2021–22ರ ಋತುವಿನಿಂದ ನಿಯಮವಾಯಿತು. ಅದಕ್ಕೂ ಮೊದಲು ಇನ್ನೂ ಹೆಚ್ಚು ಜನರಿಗೆ ಅವಕಾಶವಿತ್ತು. ಹಣ ಕೊಟ್ಟು ಕರೆಸಿದ ವಿದೇಶಿಯನನ್ನು ಯಾವ ತಂಡವೂ ಬದಿಯಲ್ಲಿ ನಿಲ್ಲಿಸುವುದಿಲ್ಲ. ಗೋಲು ಹೊಡೆಯುವ ಜಾಗದಲ್ಲೇ ನಿಲ್ಲಿಸುತ್ತದೆ. ನಮ್ಮ ಹುಡುಗರು ಅಂಚಿನಲ್ಲಿ ಓಡುತ್ತಾರೆ, ಇಲ್ಲವೇ ಬೆಂಚಿನಲ್ಲಿ ಕೂರುತ್ತಾರೆ. ವರ್ಷವಿಡೀ ಅಂಚಿನಲ್ಲಿ ಓಡಿದವನಿಗೆ ದೇಶಕ್ಕಾಗಿ ಆಡುವ ದಿನ ನಡುವೆ ನಿಂತು ಗೋಲು ಹೊಡೆ ಎಂದರೆ ಅವನೇನು ಮಾಡಿಯಾನು? ಕೋಟಿಗಟ್ಟಲೆ ಜನರಲ್ಲಿ ಒಬ್ಬ ಸಿಗಲಿಲ್ಲವೆಂಬುದಕ್ಕಿಂತ, ಸಿಕ್ಕವನಿಗೆ ಆ ಜಾಗದಲ್ಲಿ ನಿಂತು ತಪ್ಪು ಮಾಡಲು ಬಿಡಲಿಲ್ಲವೆಂಬುದು ನನಗೆ ಸತ್ಯಕ್ಕೆ ಹತ್ತಿರವಾಗಿ ಕಾಣುತ್ತದೆ.

2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಗೋಲಿಲ್ಲದ ಪಂದ್ಯವಾಡಿ, 94 ಗೋಲುಗಳೊಂದಿಗೆ ಛೆಟ್ರಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. ಅವರಿದ್ದ ಅರ್ಧ, ಅವರಿಲ್ಲದ ಅರ್ಧ ಎರಡನ್ನೂ ಸೇರಿಸಿ ಆ ವರ್ಷ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. 2025ರ ಮಾರ್ಚ್‌ನಲ್ಲಿ ಅವರನ್ನು ಮತ್ತೆ ಕರೆಸಿದರು. ಶಿಲ್ಲಾಂಗಿನಲ್ಲಿ ಮಾಲ್ದೀವ್ಸ್ ವಿರುದ್ಧ ಭಾರತ 3–0ಯಿಂದ ಗೆದ್ದಿತು. ಒಂದು ಗೋಲು ಅವರದ್ದೇ. ನಾನು ಟಿ.ವಿ. ಮುಂದೆ ಚಪ್ಪಾಳೆ ತಟ್ಟಿದೆ. ತಟ್ಟುತ್ತಲೇ ಇದು ಸರಿಯಲ್ಲ ಎಂದೂ ಅನಿಸಿತು. ಬೀಳ್ಕೊಡುಗೆಯ ಹಾರ ಹಾಕಿ ಕಳಿಸಿದ ಮೇಷ್ಟ್ರನ್ನು ಪರೀಕ್ಷೆ ಹತ್ತಿರ ಬಂತೆಂದು ಮತ್ತೆ ತರಗತಿಗೆ ಕರೆಸಿದ ಹಾಗೆ. ಮೇಷ್ಟ್ರಿಗೆ ಸಂತೋಷವಾಗಬಹುದು. ಹೊಸದಾಗಿ ಬಂದ ಮೇಷ್ಟ್ರ ಗತಿಯೇನು?

ನನಗೆ ಮೆಚ್ಚಿಗೆಯಾದ ಉತ್ತರವೊಂದು ನಮ್ಮ ಬೆಂಗಳೂರಿನಲ್ಲೇ, ಅದಕ್ಕೂ ಎರಡು ವರ್ಷ ಮೊದಲು ದೊರೆತಿತ್ತು. ಅದನ್ನು ನನಗೆ ತೋರಿಸಿಕೊಟ್ಟವನು ದೊಡ್ಡವನು.

ಅವನು ಮತ್ತೆ ನನಗೆ ಸಿಕ್ಕಿದ್ದು 2009ರಲ್ಲಿ, ನನ್ನ ನಿವೃತ್ತಿಯ ಸಮಾರಂಭದಲ್ಲಿ. ಹೊಟ್ಟೆ ಬಂದಿತ್ತು, ತಲೆ ನರೆತಿತ್ತು. ಸ್ವಂತ ಗ್ಯಾರೇಜು ಇಟ್ಟಿದ್ದ. ಶಾಲು ಹೊದಿಸಿ ಕಾಲು ಮುಟ್ಟಿ ಹೋದ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಛೆಟ್ರಿ ನಾಯಕರಾಗಿ ಮೊದಲ ಋತುವಿನಲ್ಲೇ ಐ–ಲೀಗ್ ಗೆದ್ದ ಮೇಲೆ ಅವನೂ ಅವನ ಮಗನೂ ಆ ತಂಡದ ಭಕ್ತರಾದರು. ಕಂಠೀರವ ಕ್ರೀಡಾಂಗಣದಲ್ಲಿ ಪಂದ್ಯ ಮುಗಿದ ರಾತ್ರಿಗಳಲ್ಲಿ ನನಗೆ ಅವನ ಕರೆ ಬರುತ್ತಿತ್ತು. ಹಳೆಯ ಫೈನಲಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

2022ರಲ್ಲಿ ಆ ತಂಡದಲ್ಲಿ ತಮಿಳುನಾಡಿನ ಶಿವಶಕ್ತಿ ನಾರಾಯಣನ್ ಎಂಬ ಹುಡುಗನ ಹೆಸರು ಕೇಳಿಬರತೊಡಗಿತು. ಹುಟ್ಟಿದ್ದು 2001ರಲ್ಲಿ; ಛೆಟ್ರಿಯವರಿಗಿಂತ ಹದಿನೇಳು ವರ್ಷ ಚಿಕ್ಕವನು. ಆ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದ ಡ್ಯೂರಾಂಡ್ ಕಪ್ ಫೈನಲಿನಲ್ಲಿ ಮುಂಬೈ ಸಿಟಿ ವಿರುದ್ಧ ಮೊದಲ ಗೋಲು ಅವನದೇ. ಬೆಂಗಳೂರು 2–1ರಿಂದ ಗೆದ್ದಿತು. (ಬಹುಮಾನದ ವೇದಿಕೆಯ ಮೇಲೆ ಗಣ್ಯರೊಬ್ಬರು ಛಾಯಾಚಿತ್ರಕ್ಕೆ ಅಡ್ಡವಾಗುತ್ತದೆಂದು ನಾಯಕ ಛೆಟ್ರಿಯವರನ್ನೇ ಕೈಯಿಂದ ಪಕ್ಕಕ್ಕೆ ಸರಿಸಿದ ದೃಶ್ಯವನ್ನು ದೇಶವೆಲ್ಲ ನೋಡಿತು. ಹಳಬರನ್ನು ಸರಿಸುವ ಕಲೆಯಲ್ಲಿ ನಾನೊಬ್ಬನೇ ಅಪರಾಧಿಯಲ್ಲ.) ಮುಂದಿನ ಲೀಗ್‌ನಲ್ಲಿ ತಂಡ ಮೊದಲರ್ಧದಲ್ಲಿ ಸೋಲಿನ ಮೇಲೆ ಸೋಲು ಕಂಡಿತು. ಆಗ ಇಂಗ್ಲೆಂಡಿನ ಕೋಚ್ ಸೈಮನ್ ಗ್ರೇಸನ್ ಶಿವಶಕ್ತಿಯನ್ನೂ ಫಿಜಿಯ ರಾಯ್ ಕೃಷ್ಣನನ್ನೂ ಮುಂದೆ ಆಡಿಸಿ, ಛೆಟ್ರಿಯವರನ್ನು ಬೆಂಚಿನಲ್ಲಿ ಕೂರಿಸಿದರು. ಬೆಂಗಳೂರು ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನೂ ಗೆದ್ದಿತು. ಶಿವಶಕ್ತಿ ಆ ಋತುವಿನಲ್ಲಿ ಆರು ಗೋಲು ಹೊಡೆದ.

ಹಾಗಾದರೆ ಸಣ್ಣವನು ದೊಡ್ಡವರ ಜಾಗ ತುಂಬಿದನೇ? ದೊಡ್ಡವನು ಒಂದು ರಾತ್ರಿ ನನಗೆ ಅದನ್ನು ಗ್ಯಾರೇಜಿನ ಭಾಷೆಯಲ್ಲಿ ವಿವರಿಸಿದ. "ಹುಡುಗ ಎಪ್ಪತ್ತು ನಿಮಿಷ ಓಡಿ ಓಡಿ ಆ ಕಡೆ ಡಿಫೆಂಡರ್‌ಗಳ ಇಂಜಿನ್ ಕಾಯಿಸ್ತಾನೆ ಸಾರ್. ಕಾದ ಇಂಜಿನ್ ಮುಂದೆ ಛೆಟ್ರಿ ಬಂದು ಇಳೀತಾನೆ. ಮೊದಲಿಂದ ಆಡಿದ್ರೆ ಇವನದ್ದೂ ಕಾದಿರುತ್ತೆ." ಇದರಲ್ಲಿ ಆಟದ ನಿಯಮದ ಪಾತ್ರವೂ ಇದೆ. 1958ರ ವಿಶ್ವಕಪ್‌ನಲ್ಲಿ ಹದಿನೇಳರ ಪೆಲೆ ಆಡಿದಾಗ ಬದಲಿ ಆಟಗಾರ ಎಂಬ ವ್ಯವಸ್ಥೆಯೇ ಇರಲಿಲ್ಲ. ವಿಶ್ವಕಪ್‌ಗೆ ಅದು ಬಂದದ್ದು 1970ರಲ್ಲಿ. ಅಂದು ಕೋಚ್ ಪಂದ್ಯಕ್ಕೆ ಮೊದಲೇ ಇವನೋ ಅವನೋ ಎಂದು ತೀರ್ಮಾನಿಸಬೇಕಿತ್ತು. ಇಂದು ಐವರನ್ನು ಬದಲಿಸಬಹುದು. ಒಂದೇ ಪಂದ್ಯವನ್ನು ಇಬ್ಬರಿಗೆ ಹಂಚಿಕೊಡಬಹುದು. ಆದರೆ ಹಂಚಿಕೆ ನಡೆಯಬೇಕಾದರೆ ದೊಡ್ಡವನು ಮುಖ ಸಿಂಡರಿಸದೆ ಬೆಂಚಿನಲ್ಲಿ ಕೂರಬೇಕು. ಅದಕ್ಕಿಂತ ಮೊದಲು, ಯಾಕೆ ಕೂರಬೇಕೆಂದು ಯಾರಾದರೂ ಅವನಿಗೆ ಎದುರಿಗೆ ನಿಂತು ಹೇಳಿರಬೇಕು.

2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ನಾಕೌಟ್ ಪಂದ್ಯ. ಬದಲಿಯಾಗಿ ಬಂದಿದ್ದ ಛೆಟ್ರಿ, ಹೆಚ್ಚುವರಿ ಸಮಯದಲ್ಲಿ ದೊರೆತ ಫ್ರೀ ಕಿಕ್ಕನ್ನು, ಎದುರಾಳಿಗಳು ಗೋಡೆ ಕಟ್ಟಿಕೊಳ್ಳುವ ಮೊದಲೇ ಗೋಲಿಗೆ ತಳ್ಳಿಬಿಟ್ಟರು. ಕೇರಳದವರು ಪ್ರತಿಭಟಿಸಿ ಮೈದಾನ ಬಿಟ್ಟೇ ಹೋದರು. ಅದು ನ್ಯಾಯವೇ ಎಂದು ನಮ್ಮ ಮನೆಯಲ್ಲೇ ಎರಡು ಪಕ್ಷಗಳಾದವು. ರೆಫರಿ ಒಪ್ಪಿದ ಮೇಲೆ ನ್ಯಾಯವೇ ಎಂಬುದು ನನ್ನ ಪಕ್ಷ. ಮರುದಿನವೇ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು, ಮೈಸೂರು ರಾಜ್ಯವೆಂಬ ಹೆಸರಿನಲ್ಲಿ ಗೆದ್ದ 54 ವರ್ಷಗಳ ನಂತರ. ಎರಡು ರಾತ್ರಿ ದೊಡ್ಡವನು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಮಾರ್ಚ್ 7ರಂದು ಮುಂಬೈನಲ್ಲಿ ಮತ್ತೆ ಬದಲಿಯಾಗಿ ಬಂದ ಛೆಟ್ರಿ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಪಂದ್ಯದ ಏಕೈಕ ಗೋಲು ಹೊಡೆದರು. ಅವರೇನು ಎತ್ತರದ ಆಳಲ್ಲ. ಎತ್ತರದವರ ನಡುವೆ ಚೆಂಡು ಬೀಳುವ ಜಾಗವನ್ನು ಅವರಿಗಿಂತ ಅರ್ಧ ಕ್ಷಣ ಮೊದಲೇ ತಿಳಿದಿರುತ್ತಾರೆ, ಅಷ್ಟೆ. ನಮ್ಮ ಕೆಂಪು ಮಣ್ಣಿನ ಮೈದಾನದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದವನು ಸೋಮಾರಿಯಾಗಿರಲಿಲ್ಲವೆಂದು ನನಗೆ ಅರ್ಥವಾದದ್ದು ಆವತ್ತು, ನನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ.

ಮಾರ್ಚ್ 18ರಂದು ಗೋವಾದಲ್ಲಿ ಫೈನಲ್, ಎದುರಾಳಿ ಎಟಿಕೆ ಮೋಹನ್ ಬಾಗಾನ್. ಶಿವಶಕ್ತಿ ಮೊದಲಿನಿಂದ ಆಡಿದ, ಛೆಟ್ರಿ ಬೆಂಚಿನಲ್ಲಿ. ಪಂದ್ಯ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಹುಡುಗ ಗಾಯಗೊಂಡು ಬಿದ್ದ; ಆಟ ಮುಂದುವರಿಸಲಾಗಲಿಲ್ಲ. ಛೆಟ್ರಿ ಮೇಲಂಗಿ ಕಳಚಿ ಒಳಗೆ ಬಂದರು. ವಿರಾಮಕ್ಕೆ ಮುನ್ನ ಪೆನಾಲ್ಟಿಯಲ್ಲಿ ಗೋಲು ಹೊಡೆದು ಸಮ ಮಾಡಿದರು. ಪಂದ್ಯ 2–2 ಆಗಿ, ಕೊನೆಗೆ ಟೈಬ್ರೇಕರಿನಲ್ಲಿ ಬೆಂಗಳೂರು 3–4ರಿಂದ ಸೋತಿತು.

ಆ ರಾತ್ರಿ ಕರೆ ಬಂದಾಗ ಹನ್ನೊಂದು ಗಂಟೆ ದಾಟಿತ್ತು. ಸೋಲಿನ ಬಗ್ಗೆ ಬೈಯುತ್ತಾನೆಂದುಕೊಂಡೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಸಣ್ಣವನು ಬಿದ್ದಾಗ ದೊಡ್ಡವನು ಹೆಂಗೆ ಎದ್ದ ನೋಡಿದ್ರಾ ಸಾರ್? ಲೇಸು ಕಟ್ಟಿಕೊಂಡೇ ಕೂತಿದ್ದ" ಎಂದ.

"ನೋಡಿದೆ" ಎಂದೆ.

"ಒಂದು ಮಾತು ಕೇಳ್ಲಾ ಸಾರ್? ಬೇಜಾರು ಮಾಡ್ಕೋಬಾರದು. ಹುಡುಗನ್ನ ಆಡಿಸಿದ್ದು ಸರಿ. ನಾನಾದ್ರೂ ಅವನ್ನೇ ಆಡಿಸ್ತಿದ್ದೆ. ಎರಡು ಗೋಲು ಆದ ಮೇಲೆ ಕೊನೆಗೆ ಒಂದು ಐದು ನಿಮಿಷ ನನ್ನ ಯಾಕೆ ಇಳಿಸ್ಲಿಲ್ಲ?"

ಮೂವತ್ತೆಂಟು ವರ್ಷ ನಾನು ಈ ಪ್ರಶ್ನೆಗೆ ಕಾರಣಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಪಂದ್ಯ ಇನ್ನೂ ನಮ್ಮ ಕೈಯಲ್ಲಿರಲಿಲ್ಲ; ಹೊಂದಿಕೊಂಡ ತಂಡವನ್ನು ಕದಲಿಸಬಾರದು. ಅವನು ಕೇಳಿದಾಗ ಅವುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಹೊಳೀಲಿಲ್ಲ ಕಣಪ್ಪಾ" ಎಂದೆ. "ಗೆಲ್ತಾ ಇದ್ವಲ್ಲ, ಆ ಸಂಭ್ರಮದಲ್ಲಿ ನಿನ್ನ ಬಗ್ಗೆ ಹೊಳೀಲೇ ಇಲ್ಲ."

ಅವನು ನಕ್ಕ. ಸಿಟ್ಟಿನ ನಗೆಯಲ್ಲ. "ಅಷ್ಟೇನಾ ಸಾರ್? ನಾನು ಏನೇನೋ ಅಂದ್ಕೊಂಡಿದ್ದೆ" ಎಂದ. ಆಮೇಲೆ, ಬರುವ ಋತುವಿಗೆ ಟಿಕೆಟ್ಟು ತರುತ್ತೇನೆ, ಮಗನ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಮೆಟ್ಟಿಲು ಹತ್ತುವುದು ಕಷ್ಟವಾದರೆ ಕೆಳಗಿನ ಸಾಲಿನಲ್ಲೇ ಕೂರೋಣ ಎಂದೆಲ್ಲ ಹೇಳಿ ಫೋನಿಟ್ಟ.